ಹೆಸರು ಕೇಳದೆ ಕೊಟ್ಟ ಲೆಕ್ಕ

ಹರಿವೆ ಸೊಪ್ಪಿನ ಎಲೆಗಳನ್ನು ಒಂದೊಂದಾಗಿ ತಿರುಗಿಸಿ, ಹಿಂಬದಿಯಲ್ಲಿ ಹುಳ ಇದೆಯೋ ಎಂದು ನೋಡುತ್ತ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದೆ. ಜೈನರ ಮನೆಯಲ್ಲಿ ಸೊಪ್ಪು ಎಂದರೆ ಅವಸರಕ್ಕೆ ಆಗುವ ಅಡುಗೆಯಲ್ಲ. ಸೊಸೆ ಕಾಲೇಜಿನಿಂದ ಬಂದವಳು ಚಪ್ಪಲಿ ಸಹ ಬಿಚ್ಚದೆ ಜಗಲಿಯಲ್ಲೇ ಲ್ಯಾಪ್‌ಟಾಪ್ ತೆರೆದಳು. ಸ್ವಲ್ಪ ಹೊತ್ತಿಗೆ "ಅತ್ತೇ" ಎಂದಳು. ಆ ದನಿ ಕೇಳಿ, ಯಾರೋ ತೀರಿಕೊಂಡ ಸುದ್ದಿ ಎಂದೇ ನಾನು ಎದ್ದು ಓಡಿದ್ದು.

"ಯಾರಿಗೆ ಏನಾಯ್ತು?"

"ಯಾರಿಗೆ ಅಂತ ಗೊತ್ತಿಲ್ಲ ಅತ್ತೆ. ನನ್ನ ಪ್ರೋಗ್ರಾಂ ತಪ್ಪು ಲೆಕ್ಕ ಕೊಡ್ತಾ ಉಂಟು. ಮಳೆಗಾಲದಿಂದಲೂ."

ಅವಳು ಇಲ್ಲೇ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಜೊತೆಗೆ ಪಿಎಚ್‌ಡಿ ಸಂಶೋಧನೆ. ನಿಂತ ನೀರಿನ ಫೋಟೋ ಹಾಕಿದರೆ ಅದರಲ್ಲಿ ಎಷ್ಟು ಸೊಳ್ಳೆ ಮರಿಗಳಿವೆ ಎಂದು ಎಣಿಸಿ ಹೇಳುವ ಸಾಫ್ಟ್‌ವೇರ್ ಒಂದನ್ನು ಅವಳೇ ಬರೆದಿದ್ದಾಳೆ. ಡೆಂಗಿ ಎಲ್ಲಿ ಬರಬಹುದು ಎಂದು ಮೊದಲೇ ತಿಳಿಯಲು ಅದು ಬೇಕಂತೆ. ಅದಕ್ಕಾಗಿ ಬೆಳ್ತಂಗಡಿ ಕಡೆಯ ರಬ್ಬರ್ ತೋಟಗಳಲ್ಲಿ ಹಾಲು ಹಿಡಿಯಲು ಮರಕ್ಕೆ ಕಟ್ಟಿದ, ಮಳೆನೀರು ನಿಂತ ಕಪ್ಪುಗಳನ್ನು ಒಂದೊಂದಾಗಿ ಇಣುಕಿ, ಜಿಗಣೆ ಕಚ್ಚಿಸಿಕೊಂಡು ಫೋಟೋ ತೆಗೆದವಳು. ಆಗ ನಾನು ಕೇಳಿದ್ದೆ:

"ಫೋಟೋ ತೆಗೆದ ಮೇಲೆ ಆ ಮರಿಗಳನ್ನು ಏನು ಮಾಡ್ತಿ?"

"ಅದೊಂದು ಕೇಳ್ಬೇಡಿ ಅತ್ತೆ. ನಿಮಗೂ ಪಾಪ ಬರ್ತದೆ."

ಮಾಡಿ ಮುಗಿದ ಮೇಲೆ ಅದನ್ನು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಬಿಟ್ಟಳು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಳಗೆ ಬರೆದದ್ದನ್ನು ಓದಬಹುದು, ತಿದ್ದಿಕೊಳ್ಳಬಹುದು. ಸಂಶೋಧನೆ ಎಂದರೆ ಹಾಗೆಯೇ ಇರಬೇಕಂತೆ. ಇಷ್ಟು ಕಷ್ಟಪಟ್ಟದ್ದನ್ನು ಸುಮ್ಮನೆ ಕೊಡುವುದಾ ಎಂದು ಮಗ ಗೊಣಗಿದಾಗ ಸೊಸೆಯ ಪರ ನಿಂತವಳು ನಾನು. ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ನಮ್ಮಲ್ಲಿ ನಾಲ್ಕು ದಾನ ಹೇಳುತ್ತಾರೆ. ಇದು ಶಾಸ್ತ್ರದಾನ, ಅರ್ಧ ಔಷಧದಾನವೂ ಹೌದು ಎಂದಿದ್ದೆ. ದಾನಕ್ಕೆ ಬಂದವರ ಹೆಸರು, ಊರು ವಿಚಾರಿಸುವ ಕ್ರಮ ಇಲ್ಲವಲ್ಲ. ದೂರದೂರದ ದೇಶಗಳಿಂದ ಯಾರ್ಯಾರೋ ಅದನ್ನು ತೆಗೆದುಕೊಂಡರು. ಬಸದಿಗೆ ಹೋದಾಗಲೆಲ್ಲ ನೆನೆಸಿಕೊಂಡು ಸಂತೋಷಪಡುತ್ತಿದ್ದೆ.

ಈಗ ಯಾವುದೋ ದ್ವೀಪದ ಆರೋಗ್ಯ ಕೆಲಸಗಾರನೊಬ್ಬ ಬರೆದಿದ್ದ. ಬಹಳ ಮರ್ಯಾದೆಯಿಂದಲೇ ಬರೆದಿದ್ದನಂತೆ. ಒಂದು ಕೇರಿಯ ನೀರಿನಲ್ಲಿ ಮರಿಗಳೇ ಇಲ್ಲವೆನ್ನುವಷ್ಟು ಕಡಿಮೆ ಎಂದು ಪ್ರೋಗ್ರಾಂ ಹೇಳಿತು, ನಾವು ಅಲ್ಲಿಗೆ ಮದ್ದು ಬಿಡಲು ಹೋಗಲಿಲ್ಲ, ಆಮೇಲೆ ಅಲ್ಲಿಯೇ ಜ್ವರ ಶುರುವಾಯಿತು, ಕಣ್ಣಿನಿಂದ ಎಣಿಸಿದರೆ ಮರಿಗಳು ತುಂಬಿವೆ ಎಂದು.

ಅವಳು ಹಳೆಯ ಫೋಟೋಗಳನ್ನು ಹಾಕಿ ನೋಡಿದಳು. ಅವನು ಹೇಳಿದ್ದು ಸರಿ. ಇವಳ ಪ್ರೋಗ್ರಾಂ ಒಂಟಿಯಾಗಿ ನಿಂತದ್ದಲ್ಲ, ಬೇರೆ ಯಾರೋ ಇವಳ ಹಾಗೆಯೇ ಪುಕ್ಕಟೆ ಕೊಟ್ಟ ಪ್ರೋಗ್ರಾಂಗಳ ಮೇಲೆ ನಿಂತದ್ದು. ಫೋಟೋವನ್ನು ಸಣ್ಣದು ಮಾಡುವ ಒಂದನ್ನು ಅದನ್ನು ಬರೆದವರು ಮಳೆಗಾಲದ ಶುರುವಿಗೆ ಬದಲಾಯಿಸಿದ್ದರು. ಅಂದಿನಿಂದ ತೀರ ಎಳೆಯ ಮರಿಗಳು ಫೋಟೋದಲ್ಲೇ ಅಳಿಸಿಹೋಗುತ್ತಿದ್ದವು. ಪ್ರೋಗ್ರಾಂ ಕೆಟ್ಟು ನಿಂತಿದ್ದರೆ ತಿಳಿಯುತ್ತಿತ್ತು. ನಿಲ್ಲಲಿಲ್ಲ. ಕಡಿಮೆ ಲೆಕ್ಕ ಹೇಳುತ್ತಲೇ ಹೋಯಿತು.

"ನಿನಗೆ ಗೊತ್ತಾಗ್ಲಿಲ್ವಾ ಮಗಾ?"

"ಅಡಿಯಲ್ಲಿ ಏನಾದ್ರೂ ಬದಲಾದಾಗೆಲ್ಲ ಪರೀಕ್ಷೆ ಮಾಡಿ ನೋಡ್ಬೇಕು ಅತ್ತೆ. ನೋಡುವುದು ಯಾರು? ನಾನೊಬ್ಬಳೇ ಅಲ್ವಾ?"

ನಿಜವೇ. ಬೆಳಿಗ್ಗೆಯಿಂದ ಪಾಠ, ಲ್ಯಾಬ್, ಸಂಜೆಗೆ ಉತ್ತರಪತ್ರಿಕೆ. ಪ್ರಬಂಧ ಅಚ್ಚಾದರೆ ಕಾಲೇಜಿನವರು ಲೆಕ್ಕಕ್ಕೆ ಹಿಡಿಯುತ್ತಾರೆ. ಮಾಡಿಟ್ಟ ಸಾಫ್ಟ್‌ವೇರನ್ನು ಸುಸ್ಥಿತಿಯಲ್ಲಿ ನೋಡಿಕೊಳ್ಳುವುದನ್ನು ಕೆಲಸ ಎಂದೇ ಯಾರೂ ಹೇಳುವುದಿಲ್ಲ. ಅದನ್ನು ಅವಳು ಮಾಡುತ್ತಿದ್ದದ್ದು ಭಾನುವಾರ, ನಾನು ಬಟ್ಟೆ ಒಗೆಯುವ ಹೊತ್ತಿಗೆ.

ಮಗನಿಗೆ ಬಂಟ್ವಾಳದಲ್ಲಿ ನಲ್ಲಿ, ಪೈಪು ಮಾರುವ ಅಂಗಡಿ. ಅವನು ಬಂದು ಕೈಕಾಲು ತೊಳೆಯುವಾಗಲೇ ವಿಷಯ ಹೇಳಿದೆ.

"ತಕ್ಕೊಂಡವರಿಗೆ ಫೋನ್ ಮಾಡಿ ಹೇಳುವುದಪ್ಪ. ಅದಕ್ಕೆ ಅಳುವುದ್ಯಾಕೆ?" ಎಂದ.

"ತಕ್ಕೊಂಡವರು ಯಾರು ಅಂತ ನನಗೆ ಗೊತ್ತಿದ್ರೆ ತಾನೆ?" ಎಂದಳು ಅವಳು.

"ಗೊತ್ತಿಲ್ವಾ? ನನ್ನ ಅಂಗಡಿಯ ನಲ್ಲಿ ಸೋರಿದ್ರೆ ಯಾರ ಬಚ್ಚಲಲ್ಲಿ ಸೋರ್ತಾ ಉಂಟು ಅಂತ ನಾನು ಹೇಳ್ತೇನೆ ಮಾರಾಯ್ತಿ!"

"ನೀವು ಬಿಲ್ ಬರೀತೀರಿ. ನಾನು ಯಾರ ಹೆಸರೂ ಕೇಳಿಲ್ಲ. ಅದನ್ನು ತಕ್ಕೊಂಡವರು ಇನ್ಯಾರಿಗೋ ಕೊಟ್ಟಿರ್ತಾರೆ."

ಮಗ ಟವೆಲನ್ನು ಹೆಗಲಿಗೆ ಹಾಕಿ ಅವಳ ಪಕ್ಕದಲ್ಲಿ ಕೂತ. ಮುಂದೆ ತಮಾಷೆ ಮಾಡಲಿಲ್ಲ.

ಮರುದಿನ ಅವಳ ಗೈಡ್ ಮೇಷ್ಟ್ರಿಗೆ ಫೋನ್ ಮಾಡಿದಳು. ನನಗೂ ಕೇಳಲಿ ಎಂದು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೇ ಮಾತಾಡಿದ್ದು. ಅವರು ಸಿಟ್ಟಾಗಲಿಲ್ಲ.

"ನೋಡಮ್ಮ, ತೀಸಿಸ್ ಈ ತಿಂಗಳು ಕೊಡ್ಲಿಕ್ಕುಂಟು. ಈಗ ಏನೂ ಹೇಳುವುದು ಬೇಡ. ಸರಿಮಾಡಿದ್ದನ್ನು ಮೆಲ್ಲಗೆ ಹಾಕಿಬಿಡು. ಉಳಿದದ್ದು ಡಿಗ್ರಿ ಸಿಕ್ಕಿದ ಮೇಲೆ ನೋಡುವ."

"ಹಳೆಯದನ್ನು ಇಳಿಸಿಕೊಂಡವರು ಸರ್?"

"ಯಾರವರು, ಹೇಳು?"

"ಗೊತ್ತಿಲ್ಲ ಸರ್."

"ಗೊತ್ತಿಲ್ಲದವರಿಗೋಸ್ಕರ ನಿನ್ನ ಆರು ವರ್ಷ ನೀರಿಗೆ ಹಾಕ್ತೀಯಾ? ಪ್ರಬಂಧಗಳಲ್ಲಿ ನನ್ನ ಹೆಸರೂ ಉಂಟು, ಅದನ್ನೂ ಸ್ವಲ್ಪ ನೆನಪಿಡು."

ಫೋನ್ ಇಟ್ಟು ನನ್ನ ಮುಖ ನೋಡಿದಳು. "ನೀವಾದ್ರೂ ಒಂದು ಹೇಳಿ ಅತ್ತೆ."

ತೀಸಿಸ್ ಎಂಬ ಶಬ್ದ ಈ ಮನೆಯಲ್ಲಿ ಅಕ್ಕಿ, ಉಪ್ಪಿನಷ್ಟೇ ಬಳಕೆಯಲ್ಲಿದ್ದದ್ದು. ಅದು ಮುಗಿಯಲಿ ಎಂದು ಮಗುವಿನ ವಿಚಾರ ಮುಂದೆ ಹಾಕಿದ್ದರು. ಅದು ಮುಗಿದರೆ ಕೆಲಸ ಕಾಯಂ ಆಗಬಹುದಿತ್ತು. ಸುಮ್ಮನಿರು ಎನ್ನಲು ಹೋದರೆ ಜ್ವರ ಬಂದ ಆ ಕೇರಿ ಕಣ್ಣೆದುರು ಬರುತ್ತಿತ್ತು. ಹೇಳಿಬಿಡು ಎನ್ನಲು ಹೋದರೆ ಇವಳ ಸೋತ ಮುಖ. ದೇವರಕೋಣೆಗೆ ಹೋಗಿ ಣಮೋಕಾರ ಹೇಳಿಕೊಂಡೆ. ಎಂದೂ ತಪ್ಪದ ಮಂತ್ರ ಆ ದಿನ ನಡುವೆ ಎಲ್ಲಿಯೋ ನಿಂತುಹೋಯಿತು.

ನಾನು ಹೊರಗೆ ಬರುವಷ್ಟರಲ್ಲಿ ಅವಳು ಬರೆದು ಮುಗಿಸಿದ್ದಳು. ಆ ಪ್ರೋಗ್ರಾಂ ಸಿಗುವ ಪುಟದ ನೆತ್ತಿಯಲ್ಲೇ, ದಪ್ಪ ಅಕ್ಷರದಲ್ಲಿ. ನನಗಾಗಿ ಕನ್ನಡದಲ್ಲಿ ಓದಿದಳು: "ಈ ಮಳೆಗಾಲದಿಂದ ಇದು ಕೊಟ್ಟ ಲೆಕ್ಕ ತಪ್ಪು. ನಂಬಬೇಡಿ. ಕಣ್ಣಿನಿಂದ ಎಣಿಸಿ. ಯಾರಿಗಾದರೂ ಕೊಟ್ಟಿದ್ದರೆ ದಯಮಾಡಿ ಅವರಿಗೂ ತಿಳಿಸಿ." ಕೆಳಗೆ ತನ್ನ ಹೆಸರು ಹಾಕಿದ್ದಳು. ಮೇಷ್ಟ್ರಿಗೆ ತಾನೇ ತಿಳಿಸಿದಳು. ಅವರಿಂದ ಒಂದು ಸಾಲಿನ ಮೆಸೇಜು ಬಂತು: ತೀಸಿಸ್ ಈ ವರ್ಷ ಇಲ್ಲ.

ಅದರ ಕೊನೆಯ ಅಧ್ಯಾಯವೂ ಈ ಮಳೆಗಾಲದ ಲೆಕ್ಕದ ಮೇಲೆಯೇ ನಿಂತದ್ದು, ಆದ್ದರಿಂದ ಅವರನ್ನು ಬೈಯುವ ಹಾಗೂ ಇಲ್ಲ.

ಆಮೇಲೆ ಕಾದೆವು. ಒಬ್ಬರು, ಇಷ್ಟು ದಿನ ನೀವು ಏನು ಮಾಡುತ್ತಿದ್ದಿರಿ ಎಂದು ಬರೆದರು. ಇನ್ನೊಬ್ಬರು ಎಚ್ಚರಿಕೆಯನ್ನು ಓದಿಯೇ ಇರಲಿಲ್ಲ, ಇದು ಮೊಬೈಲಿನಲ್ಲಿ ಯಾವಾಗ ಬರುತ್ತದೆ ಎಂದು ಕೇಳಿದ್ದರು. ತಮ್ಮ ಪ್ರಬಂಧಗಳಲ್ಲಿ ಇವಳ ಪ್ರೋಗ್ರಾಂ ಹೆಸರು ಹಾಕಿದವರಿಂದ ಒಂದು ಮಾತಿಲ್ಲ. ತಿದ್ದಲು ಕೈ ಜೋಡಿಸುತ್ತೇನೆ ಎಂದವರು ಯಾರೂ ಇಲ್ಲ.

ಅವಳು ಊಟ ಬಿಟ್ಟಳು. ಕಾಲೇಜಿಗೆ ಹೋಗಿಬಂದು ನಡುಮನೆಯ ಬರೀ ನೆಲದಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು.

"ಅತ್ತೆ, ಅದನ್ನು ಪೂರಾ ಅಳಿಸಿಬಿಡುವ ಅಂತ ಕಾಣ್ತದೆ."

"ಅಳಿಸು ಮಗಾ. ಬೇಡ ಅದರ ಸಹವಾಸ."

"ಅಳಿಸಿದ್ರೂ ಇಳಿಸಿಕೊಂಡವರ ಹತ್ತಿರ ಇರ್ತದೆ. ಆಗ ಈ ಎಚ್ಚರಿಕೆಯೂ ಇರುವುದಿಲ್ಲ."

ಅವಳ ತಲೆ ಸವರುತ್ತ ಕೂತೆ. ವಾಪಸು ಕೇಳಲು ಆಗದ್ದನ್ನು ಕೊಟ್ಟಾಗಿತ್ತು. ಇದಕ್ಕೆ ಪ್ರಾಯಶ್ಚಿತ್ತ ಏನೆಂದು ಯಾವ ಮುನಿಗಳನ್ನು ಕೇಳಲಿ?

ನಿನ್ನೆ ಮಧ್ಯಾಹ್ನ ಆ ದ್ವೀಪದವನು ಮತ್ತೆ ಬರೆದ. ನಿಮ್ಮ ಸೂಚನೆ ನೋಡಿದೆವು, ಪಕ್ಕದ ಎರಡು ದ್ವೀಪದವರೂ ಇದನ್ನೇ ಬಳಸುತ್ತಿದ್ದರು, ಅವರಿಗೂ ಹೇಳಿ ಕೈಲೆಕ್ಕಕ್ಕೆ ಬಂದಿದ್ದೇವೆ, ಬೇಗ ಹೇಳಿದ್ದಕ್ಕೆ ಉಪಕಾರ ಎಂದು. ಜ್ವರ ಬಂದವರು ಹೇಗಿದ್ದಾರೆ ಎಂದು ಬರೆದಿರಲಿಲ್ಲ. ಕೇಳಲು ಅವಳಿಗೆ ಧೈರ್ಯ ಬರಲಿಲ್ಲ. ಕೇಳು ಎನ್ನಲು ನನಗೂ ಬರಲಿಲ್ಲ.

ಸ್ವಾಮಿ, ಇಷ್ಟಾದರೂ ಆಯಿತಲ್ಲ ಎಂದು ಕೈ ಮುಗಿದೆ. ಮೂರು ದ್ವೀಪ. ಉಳಿದದ್ದು ಎಷ್ಟು ಊರೋ, ಯಾರ ಯಾರ ಮಕ್ಕಳೋ.

ಅವಳು ಎದ್ದು ಕೂತು, ಎರಡು ತುತ್ತು ಮಜ್ಜಿಗೆ ಅನ್ನ ಉಂಡು, ಈ ಮಳೆಗಾಲದ ಫೋಟೋಗಳನ್ನು ಮೊದಲಿನಿಂದ ತೆರೆದಳು. ಆ ಕೊನೆಯ ಅಧ್ಯಾಯಕ್ಕೆ ಇನ್ನು ಒಂದೊಂದನ್ನೂ ಕಣ್ಣಿನಿಂದ ಎಣಿಸಬೇಕಂತೆ. ಅವಳ ಬಟ್ಟಲು ತೆಗೆದುಕೊಂಡು ಹೋಗಿ ತೊಳೆದಿಟ್ಟೆ. ಅಂಗಳದಲ್ಲಿ ಬಟ್ಟೆ ಒಣಗಿತ್ತು, ಅದನ್ನು ತೆಗೆಯಲು ಹೋದೆ.