ಡಿಎಪಿ ಇಲ್ಲದ ಬಿತ್ತನೆ

ಗಂಡ ತೀರಿಕೊಂಡ ಮೇಲೂ ರುದ್ರಾಣಿ ತನ್ನ ಪಾಲಿನ ಹೊಲವನ್ನು ಯಾರ ಕೈಗೂ ಕೊಟ್ಟವಳಲ್ಲ. ಜಗಳೂರು ಕಡೆಯ ಕೆಂಪು ಮಣ್ಣು, ಮೆಕ್ಕೆಜೋಳದ ಬೆಳೆ. ಪಕ್ಕದ್ದು ಭಾವ ಪಂಚಾಕ್ಷರಪ್ಪನ ಹೊಲ. ಎರಡನ್ನೂ ಸೇರಿಸಿ ತಾನೇ ಉಳಬೇಕೆಂಬ ಆಸೆ ಅವನಿಗೆ ಇವತ್ತಿನದಲ್ಲ.

ಹೋದ ವರ್ಷ ಆಕೆ ಕೃಷಿ ಕೇಂದ್ರದವರು ಕೊಟ್ಟ, ಬೇರಿಗೆ ನೆರವಾಗುವ ಶಿಲೀಂಧ್ರದ ಪುಡಿಯನ್ನು ಬೀಜಕ್ಕೆ ಸವರಿ ಬಿತ್ತಿದ್ದಳು. ಆದರೆ ಕೂರಿಗೆಯ ಹಿಂದೆ ಒಬ್ಬರು ಬೀಜ, ಇನ್ನೊಬ್ಬರು ಡಿಎಪಿ ಗೊಬ್ಬರ ಬಿಡುವುದು ಇಲ್ಲಿಯ ವಾಡಿಕೆ. ಪುಡಿಯೂ ಇರಲಿ, ಗೊಬ್ಬರವೂ ಇರಲಿ ಎಂದು ಎಂದಿನಂತೆ ಧಾರಾಳವಾಗಿ ಬಿಡಿಸಿದಳು. ಪುಡಿಯಿಂದ ಮೂರು ಕಾಸಿನ ಪ್ರಯೋಜನ ಆಗಲಿಲ್ಲ. ಭಾವ ಅಂಗಡಿ ಕಟ್ಟೆಯ ಮೇಲೆ ಕೂತು, "ನಮ್ಮ ರುದ್ರಾಣಿ ಜೋಳಕ್ಕೆ ವಿಭೂತಿ ಹಚ್ಯಾಳೆ" ಎಂದು ಊರನ್ನೆಲ್ಲ ನಗಿಸಿದ.

ರುದ್ರಾಣಿಗೆ ಮೈಯೆಲ್ಲ ಉರಿಯಿತು. ಹೊಲದ ಮಣ್ಣು ಕಟ್ಟಿಕೊಂಡು ಕೃಷಿ ಕೇಂದ್ರಕ್ಕೆ ಹೋಗಿ, ಅಲ್ಲಿನ ವಿಜ್ಞಾನಿ ಹೇಮಾವತಿಯನ್ನೇ ಜೋರು ಮಾಡಿದಳು. "ಪುಡಿ ಸುಳ್ಳೋ, ನೀವು ಸುಳ್ಳೋ?"

ಹೇಮಾವತಿ ಮಣ್ಣು ಪರೀಕ್ಷೆ ಮಾಡಿಸಿ ಹೇಳಿದರು. "ರಂಜಕ ಸಾಲದೆ ಹೋದಾಗ ಗಿಡದ ಜೀನ್‌ಗಳೇ ಬೇರಿನ ಬಾಗಿಲು ತೆಗೆಸಿ ಶಿಲೀಂಧ್ರವನ್ನ ಕರೆಸೋದು ಅಮ್ಮ. ಬೇರಿಗೆ ಎಟುಕದ ರಂಜಕವನ್ನ ಅದು ತಂದುಕೊಡುತ್ತೆ, ಗಿಡ ಅದಕ್ಕೆ ಸಕ್ಕರೆ ಕೊಡುತ್ತೆ. ಡಿಎಪಿಲಿ ಇರೋದೂ ರಂಜಕಾನೇ, ನೀವು ಅದನ್ನ ಬುಡಕ್ಕೇ ಸುರಿದ್ರೆ, ಹೊಟ್ಟೆ ತುಂಬಿದ ಗಿಡ ಬಾಗಿಲು ಹಾಕ್ಕೊಳ್ಳುತ್ತೆ. ನಿಮ್ಮ ಮಣ್ಣಲ್ಲಿ ಹಳೇ ರಂಜಕ ಬೇಕಾದಷ್ಟಿದೆ, ಗಟ್ಟಿಯಾಗಿ ಕೂತಿದೆ ಅಷ್ಟೆ."

ಈ ಮುಂಗಾರಿಗೆ ಪುಡಿ ಸವರಿದಳು, ಡಿಎಪಿ ಚೀಲ ಮುಟ್ಟಲಿಲ್ಲ. ಬಿತ್ತುವ ಹೊತ್ತಿಗೆ ಭಾವ ಬಂದು ನಿಂತ.

"ಬೆಳೆ ಕೆಟ್ರೆ ಬರೋ ವರ್ಷದಿಂದ ಈ ಹೊಲ ನಾನು ಮಾಡ್ತೀನಿ. ಒಪ್ಪಿಗೆ ಐತಾ?"

"ಐತೆ. ಕೆಡದಿದ್ರೆ ನೀವು ಮತ್ತೆ ಈ ಮಾತು ಎತ್ತಬಾರ್ದು."

ತಿಂಗಳಾಗುವಷ್ಟರಲ್ಲಿ ಭಾವನ ಜೋಳ ಕಡುಹಸಿರು. ಇವಳದು ಕುಳ್ಳಗೆ ನಿಂತು, ರಂಜಕ ಸಾಲದೆ ಎಲೆಯಂಚು ನೇರಳೆಗೆ ತಿರುಗಿತ್ತು. ಹೊಲ ಕೈಬಿಟ್ಟೇ ಹೋಯಿತೆಂದು ಅವಳಿಗೂ ಹೆದರಿಕೆ. ಒಂದು ಬೆಳಿಗ್ಗೆ ಹೋಗಿ ನೋಡಿದರೆ, ಭಾವನ ಆಳು ಓಬಳೇಶ್ ಡಿಎಪಿ ಬುಟ್ಟಿ ಹಿಡಿದು ಅವಳ ಸಾಲಿಗೆ ಇಳಿಯುತ್ತಿದ್ದಾನೆ.

"ಪಾಪ ಅಂತ ಕೊಡ್ತಿದೀನಿ, ಹಾಕಿಸ್ಕೋ" ಎಂದ ಬದುವಿನ ಮೇಲೆ ನಿಂತಿದ್ದ ಭಾವ.

ರುದ್ರಾಣಿ ಸಾಲಿಗೆ ಅಡ್ಡ ನಿಂತಳು. "ಹಸಿವಾಗಿರೋದು ಗಿಡಕ್ಕೆ. ಅದು ಯಾರನ್ನ ಕರೀಬೇಕೋ ಕರ್ಕೊಳ್ತೈತೆ. ಓಬಳೇಶ, ಒಂದು ಕಾಳು ಬಿದ್ರೆ ನೋಡು ಮತ್ತೆ!"

ಬುಟ್ಟಿ ವಾಪಸು ಹೋಯಿತು.

ಆಮೇಲೆ ನಿಧಾನಕ್ಕೆ ನೇರಳೆ ಮಾಸಿತು, ಗಿಡ ಎದ್ದಿತು. ಒಕ್ಕಣೆಯ ದಿನ ಎರಡೂ ಹೊಲದ ರಾಶಿ ಹೆಚ್ಚುಕಮ್ಮಿ ಒಂದೇ ಸಮ.

"ಹೆಚ್ಚೇನು ಬರ್ಲಿಲ್ವಲ್ಲ" ಎಂದ ಭಾವ, ಕಾಳು ಕೈಯಲ್ಲಿ ಹಿಡಿದು.

"ಹೆಚ್ಚು ಬರ್ತೈತೆ ಅಂತ ನಾನ್ಯಾವಾಗ ಅಂದಿದ್ದೆ? ಡಿಎಪಿ ಇಲ್ದೇನೂ ಬೆಳೆ ಕೆಡಲಿಲ್ಲ. ಇನ್ಮೇಲೆ ಈ ಹೊಲಕ್ಕೆ ಕಾಲಿಡೋದಾದ್ರೆ ನನ್ನ ಕೇಳ್ಕೊಂಡು ಬರ್ರಿ."