ಎಡಕ್ಕೆ ತಿರುಗಿದರೆ ಕೂಗುವ ಕಾರು

ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ಮಾವನವರ ಕಾಲದ ಒಂದು ಕಾರಿದೆ. ವಯಸ್ಸಿನಲ್ಲಿ ನನಗಿಂತ ದೊಡ್ಡದು. ಮಾವ ತೀರಿಕೊಂಡ ಮೇಲೆ ಅದನ್ನು ಓಡಿಸುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಗಂಡನಿಗೆ ಅದರ ಗೇರು ಇವತ್ತಿಗೂ ಒಗ್ಗಿಲ್ಲ. ಭಾನುವಾರ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿಬರುವುದು ನಮ್ಮಿಬ್ಬರ ರೂಢಿ.

ಹೋದ ವರ್ಷ ಯಲಹಂಕದಲ್ಲಿ ಅತ್ತೆಯ ತಂಗಿಯ ಮನೆಯ ಗೃಹಪ್ರವೇಶವಿತ್ತು. ರೇಷ್ಮೆ ಸೀರೆ ಉಟ್ಟು ಹೊರಟೆವು. ಗಂಗಮ್ಮನ ಗುಡಿ ಸರ್ಕಲ್ ದಾಟಿ ಒಂದು ಕಡೆ ಎಡಕ್ಕೆ ತಿರುಗಿಸಿದೆ ನೋಡಿ, ಹಾರನ್ ತಾನಾಗಿಯೇ ಕೂಗತೊಡಗಿತು. ನನ್ನ ಕೈ ಅದರ ಹತ್ತಿರವೂ ಇರಲಿಲ್ಲ. ಸ್ಟೀರಿಂಗ್ ನೇರ ಮಾಡಿದಾಗ ನಿಂತಿತು. ಮುಂದಿನ ಎಡ ತಿರುವಿನಲ್ಲಿ ಮತ್ತೆ ಅದೇ ಕಥೆ. ಮುಂದಿದ್ದ ಆಟೋದವನು ಕತ್ತು ಹೊರಹಾಕಿ, “ಅಕ್ಕಾ, ನಾನೇನ್ ಹಾರ್ಕೊಂಡ್ ಹೋಗ್ಲಾ?” ಎಂದ. ಅಲ್ಲಿ ನಿಂತಿದ್ದ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಿಡಿದರು.

“ಏನಮ್ಮಾ, ಅಷ್ಟೊಂದ್ ಅರ್ಜೆಂಟಾ?”

“ನಾನ್ ಹೊಡೀತಿಲ್ಲ ಸಾರ್, ಅದೇ ಹೊಡ್ಕೊಳ್ತಿದೆ,” ಎಂದೆ.

ಅತ್ತೆ ಬಗ್ಗಿ, ಬಹಳ ಗಂಭೀರವಾಗಿ, “ಎಡಕ್ಕೆ ತಿರುಗಿದ್ರೆ ಮಾತ್ರ ಸಾರ್. ಬಲಕ್ಕೇನೂ ತೊಂದ್ರೆ ಇಲ್ಲ,” ಎಂದರು. ಪೊಲೀಸರು ನಕ್ಕು ಬಿಟ್ಟುಕಳಿಸಿದರು. ಆದರೆ ಗೃಹಪ್ರವೇಶದ ಮನೆಯ ಗೇಟು ಇದ್ದದ್ದು ಎಡಗಡೆಗೇ. ನಾವು ಒಳಗೆ ಬಂದ ಅಬ್ಬರಕ್ಕೆ ಓಲಗದವರು ಬಾರಿಸುವುದನ್ನೇ ನಿಲ್ಲಿಸಿಬಿಟ್ಟರು.

ಮರುದಿನ ಕಾರನ್ನು ಯಶವಂತಪುರದ ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ಒಯ್ದೆ. ಅವನು ಹಾರನ್ನೇ ಬದಲಾಯಿಸಿದ. ಹೊಸದು ಇನ್ನೂ ಜೋರಾಗಿ ಕೂಗಿತು. ಎರಡನೇ ಸಲ ಫ್ಯೂಸು, ಸ್ವಿಚ್ಚು ಬದಲಾಯಿಸಿದ. ಮನೆಗೆ ಬರುವಷ್ಟರಲ್ಲಿ ನಮ್ಮ ಬೀದಿಗೆಲ್ಲ ನಾನು ಬಂದ ಸುದ್ದಿ ಮುಟ್ಟಿತ್ತು. “ಮಾರ್ಬಿಡೋಣ ಕಣೇ,” ಎಂದ ಗಂಡ.

ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. “ಆ ಯಪ್ಪ ಸಾಮಾನು ಬದಲಾಯಿಸ್ತಾ ಅವ್ನೆ, ಫಾಲ್ಟ್ ಎಲ್ಲೈತೆ ಅಂತ ಉಡುಕ್ತಾನೇ ಇಲ್ಲ,” ಎಂದರು.

ಅತ್ತೆ ನಿವೃತ್ತಿಯಾಗುವವರೆಗೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ಸಾವಿರಾರು ವೈರುಗಳ ನಡುವೆ ಕೆಟ್ಟ ಒಂದನ್ನು ಹುಡುಕುವುದೇ ಅವರ ಕೆಲಸವಾಗಿತ್ತು. ಆದರೂ ಈ ಕಾರಿನ ತಂಟೆಗೆ ಹೋದವರಲ್ಲ. ಮಾವ ಇರುವವರೆಗೆ ಬಾನೆಟ್ಟನ್ನು ಅವರ ಹೊರತು ಯಾರೂ ಮುಟ್ಟುವಂತಿರಲಿಲ್ಲ.

ಆ ಶನಿವಾರ ಬೆಳಿಗ್ಗೆ ಇಬ್ಬರೂ ಬಾನೆಟ್ ಎತ್ತಿದೆವು. ಅತ್ತೆ ಮೊದಲು ಹಾರನ್ನಿನ ಎರಡೂ ವೈರು ಬಿಚ್ಚಿ, ಅದರ ಜಾಗದಲ್ಲಿ ಒಂದು ಸಣ್ಣ ಬಲ್ಬು ಸಿಕ್ಕಿಸಿದರು. “ಇನ್ನು ಕೂಗಲ್ಲ, ಉರೀತೈತೆ. ಬೀದಿಯವರಿಗೂ ನೆಮ್ಮದಿ.”

ಆಮೇಲೆ ನನಗೆ ಬಿಡಿಸಿ ಹೇಳಿದರು: “ಆರನ್‌ಗೆ ಕರೆಂಟ್ ಯಾವಾಗ್ಲೂ ಬಂದೇ ಇರ್ತೈತೆ. ಗುಂಡಿ ಒತ್ತಿದ್ರೆ ಅದರ ವೈರು ಕಾರಿನ ಕಬ್ಬಿಣದ ಮೈಗೆ ತಾಗಿ ಸರ್ಕ್ಯೂಟ್ ಪೂರ್ತಿ ಆಗ್ತೈತೆ. ಈಗ ಯಾರೂ ಒತ್ತದೇನೇ ಎಲ್ಲೋ ತಾಗ್ತಾ ಐತೆ. ನೀನು ಸ್ಟೀರಿಂಗ್ ತಿರುಗ್ಸು, ನಿಧಾನಕ್ಕೆ.”

ಬಲಕ್ಕೆ ತಿರುಗಿಸಿದೆ, ಬಲ್ಬು ಸುಮ್ಮನಿತ್ತು. ಎಡಕ್ಕೆ ಕಾಲು ಸುತ್ತು ಬಂದಿತ್ತಷ್ಟೇ, ಹೊತ್ತಿಕೊಂಡಿತು. ಅತ್ತೆ ಸ್ಟೀರಿಂಗ್ ಕಂಬದ ಬುಡದಲ್ಲಿ ಗುಂಡಿಯ ವೈರಿನ ಜೋಡಣೆ ಬಿಡಿಸಿದರು. ಬಲ್ಬು ಆರಿತು. “ಸಿಕ್ತು!” ಎಂದು ನನ್ನ ಬೆನ್ನಿಗೊಂದು ಗುದ್ದಿದರು. ತೊಂದರೆ ಕಂಬದೊಳಗೇ ಇತ್ತು.

ಬ್ಯಾಟರಿಯ ವೈರು ಕಳಚಿಟ್ಟು, ಗುಂಡಿ ತೆಗೆದು, ಹಳೆಯ ವೈರಿನ ತುದಿಗೆ ಹೊಸದನ್ನು ಕಟ್ಟಿ ಕೆಳಗಿನಿಂದ ಎಳೆಯುವುದು ಎಂದಾಯಿತು. ನಾನು ಅವಸರದಲ್ಲಿ ಜಗ್ಗಿದೆ. ಗಂಟು ಬಿಚ್ಚಿಕೊಂಡು, ಹಳೆಯದೊಂದೇ ನನ್ನ ಕೈಗೆ ಬಂತು. ಅದರ ಮೇಲೆ ಉಗುರಿನಷ್ಟಗಲ ರಬ್ಬರ್ ಸವೆದು ತಾಮ್ರ ಹೊಳೆಯುತ್ತಿತ್ತು. ಇಷ್ಟಕ್ಕೇ ಊರೆಲ್ಲ ರಂಪ! ಆದರೆ ಈಗ ಹೊಸದನ್ನು ತೂರಿಸುವುದು ಹೇಗೆ? ನಾನು ಪೆಚ್ಚಾಗಿ ನಿಂತೆ. ಅತ್ತೆ ಬಯ್ಯಲಿಲ್ಲ. ಒಳಗೆ ಹೋಗಿ ಹೂ ಕಟ್ಟುವ ದಾರದ ಉಂಡೆ ತಂದರು. ತುದಿಗೊಂದು ಪುಟ್ಟ ನಟ್ಟು ಕಟ್ಟಿ ಮೇಲಿನಿಂದ ಇಳಿಬಿಟ್ಟರು. ಅದು ಟಿಣ್ ಟಿಣ್ ಎನ್ನುತ್ತ ಜಾರಿ ನನ್ನ ಅಂಗೈಗೆ ಬಿತ್ತು. ಆ ದಾರಕ್ಕೆ ವೈರು ಬಿಗಿದು, ಈ ಸಲ ನಿಧಾನಕ್ಕೆ ಎಳೆದೆ. ಹೊಸ ವೈರು ಕೆಳಗೆ ಬಂತು.

ಗುಂಡಿ, ಹಾರನ್, ಬ್ಯಾಟರಿ ಎಲ್ಲವನ್ನೂ ಮತ್ತೆ ಜೋಡಿಸಿ, ಮಸಿ ಕೈಯಲ್ಲೇ ಹೊರಟೆವು. ಮೊದಲ ಎಡ ತಿರುವಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಕಾರೂ ಮಾತಾಡಲಿಲ್ಲ. ಜಾಲಹಳ್ಳಿಯವರೆಗೂ ಬೇಕೆಂದೇ ಎಡ ಎಡಕ್ಕೆ ತಿರುಗಿಸುತ್ತ ಹೋದೆ. ಖಾಲಿ ರಸ್ತೆಯೊಂದರಲ್ಲಿ ಅತ್ತೆ ಕೈಚಾಚಿ ತಾವೇ ಹಾರನ್ ಒತ್ತಿ, ಕೂಗಿಸಿ, ನಕ್ಕರು.

ಸ್ವಲ್ಪ ದೂರ ಹೋದ ಮೇಲೆ, “ಮದುವೆಯಾದಾಗಿಂದ ಈ ಸೀಟಲ್ಲೇ ಕೂತಿದೀನಿ ಕಣಮ್ಮ. ಒಳಗೇನೈತೆ ಅಂತ ಇವತ್ತು ನೋಡ್ದೆ,” ಎಂದರು. ದನಿಯಲ್ಲಿ ಬೇಸರವಿರಲಿಲ್ಲ, ಒಂಥರಾ ಹುರುಪಿತ್ತು.

ಮರುದಿನ ನಾನು ಏಳುವ ಹೊತ್ತಿಗೆ, ಎಷ್ಟೋ ವರ್ಷಗಳಿಂದ ಆಡದೆ ನಿಂತಿದ್ದ ವೈಪರನ್ನು ಅತ್ತೆ ಬಿಚ್ಚಿ ಹರಡಿಕೊಂಡು ಕೂತಿದ್ದರು.