ಎದುರು ಮನೆಯ ಕೆಮ್ಮಿಗೆ ನನ್ನ ಚಪಾತಿ

ಮುಂಬಯಿಯ ಮಲಾಡ್‌ನ ನಮ್ಮ ಬಿಲ್ಡಿಂಗಿನಲ್ಲಿ ಎದುರು ಫ್ಲಾಟಿನ ಮರಾಠಿ ಹುಡುಗ ಐರ್ಲೆಂಡಿನವಳನ್ನು ಮದುವೆಯಾಗಿ ಕರೆತಂದಾಗ ಎಲ್ಲರಿಗಿಂತ ಮೊದಲು ಹೋಗಿ ಮಾತನಾಡಿಸಿದವಳು ನಾನೇ. ಊರ ಉಸಾಬರಿಯೆಲ್ಲ ನನಗೆ ಬೇಕು. ಅದರಲ್ಲೂ ಅವಳ ಅಜ್ಜಿಯ ಮದ್ದುಗಳೆಂದರೆ ಕೆಲಸ ಬಿಟ್ಟು ಕೂರುತ್ತಿದ್ದೆ. ನರಹುಲಿಗೆ ಹಸಿ ಆಲೂಗಡ್ಡೆ ಉಜ್ಜಿ ಮಣ್ಣಲ್ಲಿ ಹೂಳಬೇಕಂತೆ. ಅದು ಕೊಳೆತ ಹಾಗೆ ನರಹುಲಿಯೂ ಉದುರುತ್ತದಂತೆ. ನಾಯಿಕೆಮ್ಮಿನ ಮಗುವನ್ನು ಕತ್ತೆಯ ಹೊಟ್ಟೆಯಡಿ ದಾಟಿಸಬೇಕಂತೆ. ಮಲಾಡ್‌ನಲ್ಲಿ ಕತ್ತೆಗೆ ಎಲ್ಲಿ ಹೋಗೋಣ ಎಂದು ನಾನು ಕೇಳಿದಾಗ ಬಿದ್ದು ಬಿದ್ದು ನಕ್ಕಿದ್ದಳು.

ಕಳೆದ ಮಳೆಗಾಲದಲ್ಲಿ, ಪ್ಲೇಸ್ಕೂಲಿಗೆ ಹೋಗುವ ಅವಳ ಮಗಳಿಗೇ ನಾಯಿಕೆಮ್ಮು ಹತ್ತಿತು. ಡಾಕ್ಟರ ಔಷಧಿ ನಡೆದಿತ್ತು. ಆದರೂ ಮಗು ಕೆಮ್ಮಿ ಕೆಮ್ಮಿ ಉಸಿರಿಗೆ ಒದ್ದಾಡುವುದು ನಮ್ಮ ಮನೆಯೊಳಗೂ ಕೇಳಿಸುತ್ತಿತ್ತು.

ಒಂದು ಬೆಳಿಗ್ಗೆ ಅವಳು ಬಾಗಿಲು ತಟ್ಟಿದಳು. ಮದುವೆಯಾದ ಮೇಲೂ ಅಡ್ಡಹೆಸರು ಬದಲಾಗದ ಹೆಂಗಸಿನ ಕೈಯ ರೊಟ್ಟಿ ತಿಂದರೆ ಈ ಕೆಮ್ಮು ಹೋಗುತ್ತದೆಂದು ಅಜ್ಜಿ ಫೋನಿನಲ್ಲಿ ಹೇಳಿದ್ದಳಂತೆ. ನನ್ನ ತವರಿನದೂ ಗಂಡನ ಮನೆಯದೂ ಒಂದೇ ಅಡ್ಡಹೆಸರು, ಗೋತ್ರ ಮಾತ್ರ ಬೇರೆ. ಎಂದೋ ಹರಟೆಯಲ್ಲಿ ನಾನೇ ಹೇಳಿದ್ದೆ.

ನಾನು ತಬ್ಬಿಬ್ಬಾದೆ. ಗಂಡ ಹೋದ ಮೇಲೆ ನಮ್ಮವರ ನಾಮಕರಣಗಳಲ್ಲಿ ನನಗೆ ಊಟದ ಎಲೆ ಇರುತ್ತಿತ್ತು, ಆರತಿ ತಟ್ಟೆ ಇರುತ್ತಿರಲಿಲ್ಲ. ತೊಟ್ಟಿಲಿನ ಹತ್ತಿರ ಹೋದರೆ ಯಾರಾದರೂ ಬಂದು, ನೀವು ಕೂತ್ಕೊಳ್ಳಿ ಆಂಟಿ, ಅನ್ನುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು. ಆದರೂ ಕೂತುಕೊಳ್ಳುತ್ತಿದ್ದೆ.

ನನ್ನ ಗಂಡ ಇಲ್ಲವಲ್ಲ, ನಡೆಯುತ್ತದೆಯೇ ಎಂದು ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಕೇಳಿದೆ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಆಂಟಿ, ನಿಮ್ಮ ಕೈಯದೇ ಬೇಕು," ಎಂದಳು.

ಬ್ರೆಡ್ಡಿನ ಬದಲು ಚಪಾತಿ ಆದೀತೇ ಎಂದು ಇಬ್ಬರೂ ಚರ್ಚೆ ಮಾಡಿ, ಆಗುತ್ತದೆ ಎಂದು ತೀರ್ಮಾನಿಸಿದೆವು. ತುಪ್ಪ ಸವರಿ ಕೊಟ್ಟೆ. ಇನ್ನೊಂದು ಕಟ್ಟುಪಾಡಿತ್ತು: ಪಡೆದವರು ಥ್ಯಾಂಕ್ಸ್ ಹೇಳಬಾರದು, ಹೇಳಿದರೆ ಮದ್ದು ಕೆಡುತ್ತದೆ. ಲಿಫ್ಟಿನವನಿಗೂ ಥ್ಯಾಂಕ್ಸ್ ಹೇಳುವ ಹುಡುಗಿ ಅದು! ತುಟಿ ಬಿಗಿಹಿಡಿದು, ಕಣ್ಣು ತುಂಬಿಕೊಂಡು, ತಟ್ಟೆ ಹಿಡಿದು ಹೊರಟುಹೋದಳು.

ದಿನಾ ಬೆಳಿಗ್ಗೆ ಬಿಸಿ ಚಪಾತಿ ಹೋಯಿತು. ಕೆಮ್ಮು ನಿಧಾನವಾಗಿ ಇಳಿಯಿತು. ಔಷಧಿಯಿಂದಲೇ ಇರಬೇಕು, ನಾನೇನು ಪೆದ್ದಿಯಲ್ಲ. ಈಗಲೂ ಎದುರು ಸಿಕ್ಕರೆ ಅವಳು ತುಟಿ ಬಿಗಿಹಿಡಿದೇ ನಗುತ್ತಾಳೆ. ನಿಜಕ್ಕೂ ಥ್ಯಾಂಕ್ಸ್ ಹೇಳಬೇಕಾದವಳು ನಾನು. ಮದ್ದು ಕೆಟ್ಟೀತೆಂದು ನಾನೂ ಬಾಯಿ ಬಿಟ್ಟಿಲ್ಲ.